ಯೂರಿನ್ ಇನ್ಫೆಕ್ಷನ್‌ಗೆ ಯಾವ ಮಾತ್ರೆ? ‘ಪವರ್’ ಕೇಳುವ ಮೊದಲು ಹೋಲಿಸಿ ನೋಡಬೇಕಾದದ್ದು

ಕಲ್ಚರ್ ರಿಪೋರ್ಟ್ ಕೈಗೆ ಕೊಟ್ಟ ತಕ್ಷಣ ಹೆಣ್ಣುಮಕ್ಕಳು ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ. "ಮೇಡಂ, ಇದರಲ್ಲಿ ಎಲ್ಲಕ್ಕಿಂತ ಪವರ್ ಇರೋದು ಯಾವುದು?"

ನಾನು ಡಾಕ್ಟರ್ ಅಲ್ಲ. ಲ್ಯಾಬ್‌ನಲ್ಲಿ ಮೂತ್ರದ ಸ್ಯಾಂಪಲ್ ತೆಗೆದುಕೊಂಡು ಪ್ಲೇಟಿಗೆ ಹಚ್ಚಿ, ಮರುದಿನ ಬೆಳಿಗ್ಗೆ ಏನು ಬೆಳೆದಿದೆ ಅಂತ ನೋಡುವುದು ನನ್ನ ಕೆಲಸ. ಹನ್ನೆರಡು ವರ್ಷ ಆಯಿತು. ಈ ಹನ್ನೆರಡು ವರ್ಷದಲ್ಲಿ ಆ ಪ್ರಶ್ನೆಗೆ ಕೌಂಟರ್‌ನಲ್ಲಿ ನಿಂತು ಎರಡು ನಿಮಿಷದಲ್ಲಿ ಸರಿಯಾದ ಉತ್ತರ ಕೊಡಲು ನನಗೆ ಆಗಿಲ್ಲ, ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ.

ಪವರ್ ಅನ್ನುವ ಮಾತೇ ಇಲ್ಲಿ ದಾರಿ ತಪ್ಪಿಸುತ್ತದೆ. ಮೂತ್ರಚೀಲದ ಸೋಂಕಿಗೆ ಬೇಕಾದದ್ದು ಮೂತ್ರಚೀಲಕ್ಕೆ ಹೋಗಿ ಕೆಲಸ ಮಾಡಿ, ಕರುಳಿನಲ್ಲಿರುವ ಉಳಿದ ಬ್ಯಾಕ್ಟೀರಿಯಾಗಳನ್ನು ಅವುಗಳ ಪಾಡಿಗೆ ಬಿಡುವ ಔಷಧಿ. ಇಡೀ ಮೈಗೆ ಹರಡುವ ಔಷಧಿ ತಗೊಂಡರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಔಷಧಿಗೆ ಬಗ್ಗದವು ಉಳಿದು ಜಾಸ್ತಿಯಾಗುತ್ತವೆ. ಮುಂದಿನ ಸಲ ಮೂತ್ರಚೀಲಕ್ಕೆ ಹತ್ತುವುದು ಆ ಉಳಿದವುಗಳೇ. ಕೆಳಗಿನ ಹೋಲಿಕೆಯನ್ನೆಲ್ಲ ನಾನು ಈ ಒಂದು ವಿಷಯ ಇಟ್ಟುಕೊಂಡೇ ಮಾಡಿದ್ದೇನೆ. ಮಾತ್ರೆ ಬರೆಯುವುದು ಡಾಕ್ಟರ್. ಆದರೆ ಅವರ ಎದುರು ಕೂತಾಗ ಏನು ಕೇಳಬೇಕು ಅನ್ನುವುದು ನಿಮಗೆ ಗೊತ್ತಿರಬೇಕು.

ಮೊದಲು ಇದನ್ನು ನೋಡಿಕೊಳ್ಳಿ: ಮೂತ್ರಚೀಲವೋ, ಕಿಡ್ನಿಯೋ

ಉರಿ, ಪದೇ ಪದೇ ಹೋಗಬೇಕು ಅನಿಸುವುದು, ಹೋದರೆ ನಾಲ್ಕು ಹನಿ, ಕೆಳಹೊಟ್ಟೆ ಹಿಡಿದಂತಾಗುವುದು, ಕೆಲವೊಮ್ಮೆ ಮೂತ್ರದಲ್ಲಿ ರಕ್ತ. ಇಷ್ಟೇ ಇದ್ದರೆ ಸಾಮಾನ್ಯವಾಗಿ ಅದು ಮೂತ್ರಚೀಲದ ಮಟ್ಟದ ಸೋಂಕು. ಚಳಿ ಬಂದು ಜ್ವರ, ಬೆನ್ನಿನ ಪಕ್ಕದಲ್ಲಿ ಪಕ್ಕೆಲುಬಿನ ಕೆಳಗೆ ನೋವು, ವಾಂತಿ, ಇವು ಸೇರಿದರೆ ಕಿಡ್ನಿಗೆ ಏರಿರಬಹುದು. ಆಗ ಈ ಬರಹ ಪಕ್ಕಕ್ಕಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ಕೆಳಗೆ ನಾನು ಹೊಗಳುವ ಎರಡು ಔಷಧಿಗಳು ಕಿಡ್ನಿ ಸೋಂಕಿಗೆ ಕೆಲಸಕ್ಕೆ ಬಾರದವು.

ಬಸುರಿಯರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಕಿಡ್ನಿಯಲ್ಲಿ ಕಲ್ಲಿರುವವರು, ಕ್ಯಾತಿಟರ್ ಹಾಕಿಸಿಕೊಂಡವರು, ಇವರ ಲೆಕ್ಕವೇ ಬೇರೆ. ಇವರು ಡಾಕ್ಟರಿಗೆ ತೋರಿಸದೆ ಒಂದು ದಿನವೂ ತಳ್ಳಬಾರದು.

ಹೆಂಗಸರಿಗೇ ಯಾಕೆ ಇಷ್ಟು ಸಲ ಅಂತ ಕೇಳುತ್ತಾರೆ. ನಮ್ಮ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಉದ್ದ, ಗಂಡಸರದು ಸುಮಾರು 20. ಮಲದ್ವಾರ ಪಕ್ಕದಲ್ಲೇ ಇದೆ. ಸೋಂಕು ತರುವುದು ಹೆಚ್ಚಿನ ಸಲ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ, ಅದು ಇರುವುದು ನಮ್ಮ ಕರುಳಿನಲ್ಲೇ. ಮಾಮೂಲಿ ಮೂತ್ರಚೀಲ ಸೋಂಕಿನಲ್ಲಿ ನಾಲ್ಕರಲ್ಲಿ ಮೂರಕ್ಕೆ ಇದೇ ಕಾರಣ. ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಅಂದಮೇಲೆ ಇದು ಯಾರ ಸ್ವಚ್ಛತೆಯ ತಪ್ಪೂ ಅಲ್ಲ. ಅತ್ತೆ ಏನಾದರೂ ಅಂದರೆ ಈ 4 ಸೆಂಟಿಮೀಟರ್ ಮಾತು ಹೇಳಿ.

ರೂಟೀನ್ ಟೆಸ್ಟೋ, ಕಲ್ಚರೋ, ಟೆಸ್ಟೇ ಬೇಡವೋ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ನನ್ನ ಕಣ್ಣೆದುರು ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲೇ.

ಯೂರಿನ್ ರೂಟೀನ್ ಅಂದರೆ ಅರ್ಧ ಗಂಟೆಯಲ್ಲಿ ಬರುವ ರಿಪೋರ್ಟ್. ಪಸ್ ಸೆಲ್ಸ್ ಅಂದರೆ ಕೀವಿನ ಕಣ ಎಷ್ಟಿವೆ, ಬ್ಯಾಕ್ಟೀರಿಯಾದಿಂದ ಆಗುವ ನೈಟ್ರೈಟ್ ಇದೆಯೋ ಇಲ್ಲವೋ, ಸಕ್ಕರೆ, ಪ್ರೋಟೀನ್, ಇಷ್ಟು. ಸೋಂಕು ಇರಬಹುದು ಅನ್ನುವ ಸುಳಿವು ಅದರಲ್ಲಿ ಸಿಗುತ್ತದೆ. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಮಾತ್ರೆ ನಾಟುತ್ತದೆ ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಕಲ್ಚರ್ ಅಂದರೆ ನಿಮ್ಮ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ನಾವು ಬೆಳೆಸಿ, ಅದರ ಮೇಲೆ ಒಂದೊಂದೇ ಔಷಧಿಯನ್ನು ಪ್ರಯೋಗ ಮಾಡುವುದು. ಎರಡು ಮೂರು ದಿನ ಬೇಕು, ದುಡ್ಡೂ ಜಾಸ್ತಿ.

ನಮ್ಮಲ್ಲಿ ಅದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಮೆಕಾಂಕಿ ಅಗಾರ್ ಅನ್ನುವ ಪ್ಲೇಟಿನ ಮೇಲೆ ಇ. ಕೋಲಿ ಗುಲಾಬಿ ಬಣ್ಣದ ಚುಕ್ಕೆಗಳಾಗಿ ಬೆಳೆಯುತ್ತದೆ. ಅದನ್ನು ಇನ್ನೊಂದು ಪ್ಲೇಟಿಗೆ ಒಂದೇ ಸಮ ಹರಡಿ, ಔಷಧಿ ಹೀರಿಸಿದ ಸಣ್ಣ ಸಣ್ಣ ಕಾಗದದ ಬಿಲ್ಲೆಗಳನ್ನು ಮೇಲೆ ಇಡುತ್ತೇವೆ. ರಾತ್ರಿ ಕಳೆದು ಬೆಳಿಗ್ಗೆ ನೋಡಿದರೆ, ನಾಟುವ ಔಷಧಿಯ ಬಿಲ್ಲೆಯ ಸುತ್ತ ಖಾಲಿ ವೃತ್ತ ಇರುತ್ತದೆ, ಅಲ್ಲಿ ಏನೂ ಬೆಳೆದಿರುವುದಿಲ್ಲ. ನಾಟದ ಔಷಧಿಯ ಬಿಲ್ಲೆಯನ್ನು ಬ್ಯಾಕ್ಟೀರಿಯಾ ಅಂಚಿನವರೆಗೂ ಬಂದು ಮುತ್ತಿಕೊಂಡಿರುತ್ತದೆ. ಸಿಪ್ರೋಫ್ಲಾಕ್ಸಾಸಿನ್ ಬಿಲ್ಲೆಯನ್ನು ಹಾಗೆ ಮುತ್ತಿಕೊಂಡ ಪ್ಲೇಟುಗಳನ್ನು ನಾನು ದಿನಾ ನೋಡುತ್ತೇನೆ. ಅದೇ ಮಾತ್ರೆಯನ್ನು ಐದು ದಿನ ನುಂಗಿ, ಉರಿ ಹೋಗದೆ ಅತ್ತುಕೊಂಡು ಬಂದವರ ಸ್ಯಾಂಪಲ್ ಅದು.

ಹಾಗಾದರೆ ಎಲ್ಲರಿಗೂ ಕಲ್ಚರ್ ಬೇಕೇ? ಬೇಡ. ಮೊದಲ ಸಲ ಬಂದಿದೆ, ವಯಸ್ಸು ಚಿಕ್ಕದು, ಬೇರೆ ಕಾಯಿಲೆ ಇಲ್ಲ, ಲಕ್ಷಣ ಸ್ಪಷ್ಟವಾಗಿದೆ ಅಂದರೆ ಡಾಕ್ಟರು ಲಕ್ಷಣ ನೋಡಿಯೇ ಔಷಧಿ ಕೊಡಬಹುದು, ತಪ್ಪಿಲ್ಲ. ಆದರೆ ಆರು ತಿಂಗಳಲ್ಲಿ ಎರಡನೇ ಸಲ ಬಂದಿದ್ದರೆ, ಹೋದ ಕೆಲವು ತಿಂಗಳಲ್ಲಿ ಬೇರೆ ಯಾವುದಕ್ಕಾದರೂ ಆಂಟಿಬಯೋಟಿಕ್ ತಗೊಂಡಿದ್ದರೆ, ಆಸ್ಪತ್ರೆಯಲ್ಲಿ ದಾಖಲಾಗಿ ಬಂದಿದ್ದರೆ, ಮಾತ್ರೆ ಮುಗಿಸಿದ ಮೇಲೂ ಉರಿ ಇದ್ದರೆ, ಜ್ವರ ಇದ್ದರೆ, ಬಸುರಿಯಾಗಿದ್ದರೆ ಕಲ್ಚರ್ ಬೇಕೇ ಬೇಕು. ಆಂಟಿಬಯೋಟಿಕ್‌ನ ಮೊದಲ ಮಾತ್ರೆ ನುಂಗುವ ಮೊದಲೇ ಸ್ಯಾಂಪಲ್ ಕೊಡಬೇಕು. "ಎರಡು ದಿನ ಮಾತ್ರೆ ತಗೊಂಡೆ, ಕಮ್ಮಿ ಆಗಲಿಲ್ಲ, ಈಗ ಟೆಸ್ಟ್ ಮಾಡಿ" ಅಂತ ಬರುತ್ತಾರೆ. ಆಗ ಬ್ಯಾಕ್ಟೀರಿಯಾ ಅರ್ಧ ಸತ್ತು ಅರ್ಧ ಉಳಿದು, ಪ್ಲೇಟಿನ ಮೇಲೆ ಏನೂ ಬೆಳೆಯದೆ ‘ನೋ ಗ್ರೋಥ್’ ಅಂತ ರಿಪೋರ್ಟ್ ಹೋಗುವ ಸಂಭವ ಇದೆ. ಸೋಂಕು ಒಳಗೆ ಹಾಗೇ ಇರುತ್ತದೆ.

ಸ್ಯಾಂಪಲ್ ಕೊಡುವ ರೀತಿಯೂ ಮುಖ್ಯ. ಮುಂಭಾಗವನ್ನು ಬರೀ ನೀರಿನಲ್ಲಿ ತೊಳೆದುಕೊಳ್ಳಿ. ಮೊದಲ ಸ್ವಲ್ಪ ಮೂತ್ರ ಬಿಟ್ಟುಬಿಡಿ, ನಡುವಿನದನ್ನು ಡಬ್ಬಿಗೆ ಹಿಡಿಯಿರಿ, ಕೊನೆಯದು ಬೇಡ. ಡಬ್ಬಿಯ ಒಳಗೆ ಬೆರಳು ತಾಗಿಸಬೇಡಿ. ಮನೆಯ ಉಪ್ಪಿನಕಾಯಿ ಬಾಟಲಿ ಎಷ್ಟು ತೊಳೆದಿದ್ದರೂ ಬೇಡ, ಲ್ಯಾಬ್ ಕೊಡುವ ಸ್ಟೆರೈಲ್ ಡಬ್ಬಿಯೇ ಆಗಬೇಕು. ಒಂದು ಗಂಟೆಯೊಳಗೆ ಲ್ಯಾಬ್‌ಗೆ ತಲುಪಿಸಿ. ಹಳ್ಳಿಯಿಂದ ಬಸ್ಸಿನಲ್ಲಿ ಬರಬೇಕಾದರೆ ಮನೆಯಲ್ಲಿ ಹಿಡಿದು ತರಬೇಡಿ, ಲ್ಯಾಬ್‌ಗೇ ಬಂದು ಕೊಡಿ. ಬಿಸಿಲಿನಲ್ಲಿ ಮೂರು ಗಂಟೆ ಬ್ಯಾಗಿನಲ್ಲಿದ್ದ ಡಬ್ಬಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಲೇ ಇರುತ್ತವೆ, ನಾಲ್ಕು ಇದ್ದದ್ದು ಸಾವಿರ ಆಗಿ ನಮಗೆ ಸುಳ್ಳು ಲೆಕ್ಕ ಸಿಗುತ್ತದೆ.

ಇನ್ನೊಂದು ಮಾತು, ಇದು ನನಗೆ ತುಂಬಾ ನೋವು ಕೊಡುವ ವಿಷಯ. ಉರಿ ಇಲ್ಲ, ಏನೂ ಇಲ್ಲ, ಹೆಲ್ತ್ ಚೆಕಪ್ ಮಾಡಿಸಿದಾಗ ಪಸ್ ಸೆಲ್ಸ್ ಎಂಟು ಹತ್ತು ಬಂತು, ಅಥವಾ ಕಲ್ಚರ್‌ನಲ್ಲಿ ಇ. ಕೋಲಿ ಬಂತು ಅಂತ ಆಂಟಿಬಯೋಟಿಕ್ ಶುರು ಮಾಡುತ್ತಾರೆ. ಲಕ್ಷಣ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ವಯಸ್ಸಾದ ಹೆಂಗಸರಲ್ಲಿ ತುಂಬಾ ಸಾಮಾನ್ಯ. ಬಸುರಿಯರಿಗೆ, ಮೂತ್ರನಾಳದ ಆಪರೇಷನ್‌ಗೆ ಹೋಗುವವರಿಗೆ ಬಿಟ್ಟರೆ ಅದಕ್ಕೆ ಔಷಧಿ ಬೇಡ ಅಂತ ವೈದ್ಯರ ಮಾರ್ಗಸೂಚಿಗಳೇ ಹೇಳುತ್ತವೆ. ರಿಪೋರ್ಟಿನಲ್ಲಿ ಮೂಡಿದ ಅಂಕಿಗೆ ಔಷಧಿ ಕೊಡುತ್ತಾ ಹೋದರೆ, ನಿಜವಾಗಿ ಬೇಕಾದಾಗ ನಾಟುವ ಔಷಧಿ ಉಳಿದಿರುವುದಿಲ್ಲ. ನನ್ನ ಅಮ್ಮನಿಗೆ ಹಾಗೇ ಆಯಿತು. ಎರಡು ವರ್ಷದಲ್ಲಿ ಆರು ಕೋರ್ಸ್, ಅದರಲ್ಲಿ ಎಷ್ಟಕ್ಕೆ ನಿಜಕ್ಕೂ ಉರಿ ಇತ್ತು ಅಂತ ಈಗ ಲೆಕ್ಕ ಹಾಕಿದರೆ ಎರಡಕ್ಕೆ ಮಾತ್ರ. ಏಳನೇ ಸಲ ಬಂದಾಗ ಅಮ್ಮನ ಪ್ಲೇಟನ್ನು ನಾನೇ ಓದಿದೆ. ಬಾಯಿಗೆ ಹಾಕಿಕೊಳ್ಳುವ ಮಾತ್ರೆಗಳಲ್ಲಿ ಎರಡಕ್ಕೆ ಮಾತ್ರ ಖಾಲಿ ವೃತ್ತ ಬಂದಿತ್ತು.

ಈ ಬ್ಯಾಕ್ಟೀರಿಯಾ ಬಗ್ಗದೆ ಇರುವುದು ಹೇಗೆ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ‘ಇಎಸ್‌ಬಿಎಲ್ ಪಾಸಿಟಿವ್’ ಅಂತ ರಿಪೋರ್ಟಿನಲ್ಲಿ ಬರೆದಿದ್ದರೆ, ಆ ಬ್ಯಾಕ್ಟೀರಿಯಾ ಒಂದು ಕಿಣ್ವ ತಯಾರಿಸುತ್ತಿದೆ ಅಂತ ಅರ್ಥ. ಅಮಾಕ್ಸಿಸಿಲಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಜಾತಿಯ ಔಷಧಿಗಳನ್ನು ಆ ಕಿಣ್ವ ಕತ್ತರಿಸಿ ಹಾಕುತ್ತದೆ. ಈ ಗುಣದ ವಂಶವಾಹಿ ಪ್ಲಾಸ್ಮಿಡ್ ಅನ್ನುವ ಸಣ್ಣ ಉಂಗುರದಲ್ಲಿ ಇರುತ್ತದೆ. ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಅದನ್ನು ದಾಟಿಸುತ್ತದೆ, ಬೇರೆ ಜಾತಿಯದಾದರೂ ದಾಟಿಸುತ್ತದೆ. ಅದೇ ಉಂಗುರದಲ್ಲಿ ಬೇರೆ ಔಷಧಿಗಳನ್ನು ತಡೆಯುವ ಗುಣವೂ ಸೇರಿಕೊಂಡಿರುತ್ತದೆ, ಹಾಗಾಗಿ ಒಂದಕ್ಕೆ ಬಗ್ಗದ್ದು ನಾಲ್ಕಕ್ಕೆ ಬಗ್ಗದೆ ಹೋಗುತ್ತದೆ.

ಇಎಸ್‌ಬಿಎಲ್ ಮಾಡುವ ಬ್ಯಾಕ್ಟೀರಿಯಾಕ್ಕೂ ನಾಟುವ ಮೆರೋಪೆನೆಮ್ ಜಾತಿಯ ಇಂಜೆಕ್ಷನ್ ಇದೆ. ಅದನ್ನೂ ಕತ್ತರಿಸುವ ಎನ್‌ಡಿಎಂ-1 ಅನ್ನುವ ಕಿಣ್ವ ಮೊದಲು ಸಿಕ್ಕಿದ್ದು ಭಾರತದಲ್ಲಿ ಚಿಕಿತ್ಸೆ ಪಡೆದು 2008ರ ಹೊತ್ತಿಗೆ ಸ್ವೀಡನ್‌ಗೆ ವಾಪಸಾದ ಒಬ್ಬ ರೋಗಿಯಲ್ಲಿ, ಅದೂ ಮೂತ್ರದ ಸೋಂಕು ತಂದಿದ್ದ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾದಲ್ಲಿ. ನಾವು ಸಣ್ಣ ಕಾಯಿಲೆ ಅಂದುಕೊಳ್ಳುವ ಈ ಉರಿಮೂತ್ರದ ಸ್ಯಾಂಪಲ್‌ನಲ್ಲೇ ಅದು ಕಂಡಿತು, ನೆನಪಿರಲಿ.

ಈಗ ಮಾತ್ರೆಗಳ ಹೋಲಿಕೆ

ನೈಟ್ರೋಫ್ಯುರಾಂಟೊಯಿನ್. ನಿಫ್ಟ್ರಾನ್, ಮಾರ್ಟಿಫರ್ ಅಂತ ಅಂಗಡಿಯಲ್ಲಿ ಸಿಗುತ್ತದೆ. ಇದು 1953ರಿಂದ ಬಳಕೆಯಲ್ಲಿದೆ. ಎಪ್ಪತ್ತು ವರ್ಷ ದಾಟಿದ ಹಳೇ ಮಾತ್ರೆ ಅಂತ ಕೆಲವರಿಗೆ ನಂಬಿಕೆಯೇ ಬರುವುದಿಲ್ಲ. ನನ್ನ ಮಟ್ಟಿಗೆ ಮಾಮೂಲಿ ಮೂತ್ರಚೀಲದ ಸೋಂಕಿಗೆ ಮೊದಲು ಕೇಳಬೇಕಾದದ್ದು ಇದನ್ನೇ. ಇದು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಮೂತ್ರಕ್ಕೆ ಇಳಿದು ಅಲ್ಲೇ ಒಟ್ಟಾಗುತ್ತದೆ. ಹಾಗಾಗಿ ಕರುಳಿನ ಬ್ಯಾಕ್ಟೀರಿಯಾಗಳಿಗೆ ಇದರ ಪೆಟ್ಟು ಕಮ್ಮಿ. ಬ್ಯಾಕ್ಟೀರಿಯಾದ ಒಳಗೆ ಇದು ಒಂದೇ ಜಾಗಕ್ಕೆ ಹೊಡೆಯುವುದಿಲ್ಲ, ಒಟ್ಟಿಗೆ ನಾಲ್ಕಾರು ಕಡೆ ಕೆಡಿಸುತ್ತದೆ. ಅದಕ್ಕೇ ಇಷ್ಟು ವರ್ಷ ಆದರೂ ಇ. ಕೋಲಿ ಇದರ ವಿರುದ್ಧ ಸುಲಭದ ದಾರಿ ಕಂಡುಕೊಂಡಿಲ್ಲ. ಇಎಸ್‌ಬಿಎಲ್ ಪಾಸಿಟಿವ್ ಪ್ಲೇಟುಗಳಲ್ಲೂ ಇದರ ಬಿಲ್ಲೆಯ ಸುತ್ತ ಖಾಲಿ ವೃತ್ತ ಕಾಣುವುದು ನನಗೆ ಮಾಮೂಲಿ.

ಸಾಮಾನ್ಯವಾಗಿ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 5 ದಿನ. ಊಟದ ಜೊತೆಗೇ ತಗೊಳ್ಳಬೇಕು, ಖಾಲಿ ಹೊಟ್ಟೆಗೆ ತಗೊಂಡರೆ ಹೊಟ್ಟೆ ತೊಳಸುತ್ತದೆ, ಔಷಧಿ ಹೀರಿಕೊಳ್ಳುವುದೂ ಕಮ್ಮಿ. ಮೂತ್ರ ಕಡು ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ. ಹೆದರಬೇಡಿ, ಅದು ಔಷಧಿಯ ಬಣ್ಣ. ಇದನ್ನು ಯಾರೂ ಮೊದಲೇ ಹೇಳದೆ ಇರುವುದರಿಂದ, ಎರಡನೇ ದಿನ ಗಾಬರಿಯಾಗಿ ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ.

ಯಾರಿಗೆ ಆಗದು? ಕಿಡ್ನಿ ಸರಿಯಾಗಿ ಕೆಲಸ ಮಾಡದವರಿಗೆ ಆಗದು, ಮೂತ್ರಕ್ಕೆ ಔಷಧಿ ಇಳಿಯುವುದೇ ಇಲ್ಲ. ಹೆರಿಗೆ ಹತ್ತಿರ ಬಂದವರಿಗೆ ಬೇಡ. ಜಿ6ಪಿಡಿ ಅನ್ನುವ, ಕೆಂಪು ರಕ್ತಕಣಗಳನ್ನು ಕಾಯುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇದ್ದವರಿಗೆ ಬೇಡ. ಬೆಳೆದದ್ದು ಪ್ರೋಟಿಯಸ್ ಅಥವಾ ಸ್ಯೂಡೋಮೊನಾಸ್ ಆಗಿದ್ದರೆ ಇದು ಹುಟ್ಟಿನಿಂದಲೇ ನಾಟುವುದಿಲ್ಲ. ತಿಂಗಳುಗಟ್ಟಲೆ ತಗೊಳ್ಳುವವರಿಗೆ ಶ್ವಾಸಕೋಶ, ಲಿವರ್ ತೊಂದರೆ ಅಪರೂಪಕ್ಕೆ ಬರುತ್ತದೆ. ಐದು ದಿನದ ಕೋರ್ಸಿಗೆ ಆ ಹೆದರಿಕೆ ತೀರಾ ಕಮ್ಮಿ.

ಒಂದು ಎಚ್ಚರಿಕೆ, ಇದು ನಮ್ಮ ಕಡೆ ದಿನಾ ಆಗುವ ತಪ್ಪು. ಉರಿಗೆ ಅಂತ ಸಿಟ್ರಾಲ್ಕಾ ಥರದ ಸಿರಪ್ ಕುಡಿಯುತ್ತಾರಲ್ಲ, ಅದು ಮೂತ್ರವನ್ನು ಕ್ಷಾರವಾಗಿಸುತ್ತದೆ. ಉರಿ ಸ್ವಲ್ಪ ತಣ್ಣಗಾಗಬಹುದು, ಆದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ನೈಟ್ರೋಫ್ಯುರಾಂಟೊಯಿನ್ ಚೆನ್ನಾಗಿ ಕೆಲಸ ಮಾಡುವುದು ಮೂತ್ರ ಹುಳಿಯಾಗಿದ್ದಾಗ. ಎರಡನ್ನೂ ಒಟ್ಟಿಗೆ ಬರೆದಿದ್ದರೆ ಡಾಕ್ಟರ ಹತ್ತಿರ ಒಂದು ಮಾತು ಕೇಳಿ.

ಫಾಸ್ಫೋಮೈಸಿನ್. ಇದು 3 ಗ್ರಾಂ ಪುಡಿ, ಸ್ಯಾಚೆಯಲ್ಲಿ ಬರುತ್ತದೆ. ಒಂದು ಲೋಟ ನೀರಿಗೆ ಹಾಕಿ, ರಾತ್ರಿ ಊಟ ಆಗಿ ಎರಡು ಮೂರು ಗಂಟೆ ಬಿಟ್ಟು, ಮೂತ್ರ ಮಾಡಿ ಬಂದು, ಮಲಗುವ ಮೊದಲು ಕುಡಿದರೆ ಮುಗಿಯಿತು. ಒಂದೇ ಡೋಸ್. ರಾತ್ರಿಯೆಲ್ಲ ಮೂತ್ರಚೀಲದಲ್ಲಿ ನಿಂತು ಕೆಲಸ ಮಾಡಲಿ ಅಂತ ಹಾಗೆ. ಇಎಸ್‌ಬಿಎಲ್ ಇ. ಕೋಲಿಗೂ ಚೆನ್ನಾಗಿ ನಾಟುತ್ತದೆ. ಐದು ದಿನ ಮಾತ್ರೆ ನೆನಪಿಟ್ಟು ನುಂಗಲು ಆಗದವರಿಗೆ, ವಯಸ್ಸಾದವರಿಗೆ, ಬಸುರಿಯರಿಗೂ ಡಾಕ್ಟರು ಇದನ್ನು ಕೊಡುವುದುಂಟು.

ಹಾಗಾದರೆ ಒಂದೇ ಡೋಸಿನದೇ ಒಳ್ಳೆಯದಲ್ವಾ? ಎರಡನ್ನೂ ಎದುರುಬದುರು ಇಟ್ಟು ಹೋಲಿಸಿದ ಒಂದು ದೊಡ್ಡ ಅಧ್ಯಯನ 2018ರಲ್ಲಿ ಬಂತು. ಸ್ವಿಟ್ಜರ್ಲೆಂಡ್, ಪೋಲೆಂಡ್, ಇಸ್ರೇಲ್‌ನ 513 ಹೆಂಗಸರಲ್ಲಿ ಮಾಡಿದ್ದು. 28 ದಿನ ಆದಮೇಲೆ ನೋಡಿದರೆ ನೈಟ್ರೋಫ್ಯುರಾಂಟೊಯಿನ್ 5 ದಿನ ತಗೊಂಡವರಲ್ಲಿ 100ಕ್ಕೆ 70 ಜನ ಪೂರ್ತಿ ಗುಣವಾಗಿದ್ದರು, ಫಾಸ್ಫೋಮೈಸಿನ್ ಒಂದು ಡೋಸ್ ತಗೊಂಡವರಲ್ಲಿ 58. ಅಂದರೆ ಸುಲಭ ಇದೆ, ಆದರೆ ಒಂದು ಮೆಟ್ಟಿಲು ಕೆಳಗೆ. ಅಲ್ಲಿ ನೈಟ್ರೋಫ್ಯುರಾಂಟೊಯಿನ್ ಕೊಟ್ಟದ್ದು ದಿನಕ್ಕೆ ಮೂರು ಸಲ ಅನ್ನುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಇನ್ನೊಂದು, ಬೆಳೆದದ್ದು ಕ್ಲೆಬ್ಸಿಯೆಲ್ಲಾ ಆಗಿದ್ದರೆ ಫಾಸ್ಫೋಮೈಸಿನ್ ಮೇಲೆ ಭರವಸೆ ಇಡಲು ಬರುವುದಿಲ್ಲ. ಅದನ್ನು ಕೆಡಿಸುವ ಕಿಣ್ವ ಕ್ಲೆಬ್ಸಿಯೆಲ್ಲಾದ ಹತ್ತಿರ ಮೊದಲಿನಿಂದಲೂ ಇರುತ್ತದೆ.

ನನ್ನ ಆಯ್ಕೆ ಕೇಳಿದರೆ: ಕಿಡ್ನಿ ಚೆನ್ನಾಗಿದ್ದು ಐದು ದಿನ ತಪ್ಪದೆ ತಗೊಳ್ಳುವವರಿಗೆ ನೈಟ್ರೋಫ್ಯುರಾಂಟೊಯಿನ್, ಅದು ಆಗದವರಿಗೆ ಫಾಸ್ಫೋಮೈಸಿನ್. ಅಮ್ಮನ ಪ್ಲೇಟಿನಲ್ಲಿ ಉಳಿದಿದ್ದ ಎರಡು ವೃತ್ತ ಇವೇ.

ಕೋಟ್ರೈಮಾಕ್ಸಜೋಲ್, ಅಂದರೆ ಸೆಪ್ಟ್ರಾನ್, ಬ್ಯಾಕ್ಟ್ರಿಮ್. ಅಗ್ಗ, ಹಳೆಯದು, ನಾಟಿದರೆ ಮೂರೇ ದಿನ ಸಾಕು. ಕಿಡ್ನಿ ಮಟ್ಟದ ಸೋಂಕಿಗೂ ಬಳಸಬಹುದು, ಆ ಗುಣ ಮೇಲಿನ ಎರಡಕ್ಕೆ ಇಲ್ಲ. ಆದರೆ ಒಂದು ಊರಿನಲ್ಲಿ 100ಕ್ಕೆ 20ಕ್ಕಿಂತ ಜಾಸ್ತಿ ಬ್ಯಾಕ್ಟೀರಿಯಾ ಇದಕ್ಕೆ ಬಗ್ಗದಿದ್ದರೆ ಕಣ್ಣುಮುಚ್ಚಿ ಕೊಡಬಾರದು ಅನ್ನುವುದು ಅಮೆರಿಕದ ಸೋಂಕು ತಜ್ಞರ ಲೆಕ್ಕ, ನಮ್ಮ ದೇಶದಲ್ಲಿ ಆ ಗೆರೆ ಯಾವತ್ತೋ ದಾಟಿಹೋಗಿದೆ. ಹಾಗಾಗಿ ಕಲ್ಚರ್‌ನಲ್ಲಿ ಸೆನ್ಸಿಟಿವ್ ಅಂತ ಬಂದರೆ ಮಾತ್ರ. ಬಂದರೆ ಬಿಡಬೇಡಿ, ಒಳ್ಳೆಯ ಮಾತ್ರೆ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ.

ನಾರ್ಫ್ಲಾಕ್ಸಾಸಿನ್, ಸಿಪ್ರೋಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್. ಮೆಡಿಕಲ್ ಶಾಪಿನಲ್ಲಿ "ಉರಿ ಇದೆ" ಅಂದ ತಕ್ಷಣ ಕೈ ಹೋಗುವುದು ಇವುಗಳಿಗೆ. ಭೇದಿಗೆ ಅಂತ ನಾರ್ಫ್ಲಾಕ್ಸ್ ಟಿಜಡ್ ಯಾವ ಮನೆಯಲ್ಲಿ ಇಲ್ಲ ಹೇಳಿ? ಹೊಟ್ಟೆ ಕೆಟ್ಟಾಗಲೆಲ್ಲ ಎರಡು ಮಾತ್ರೆ, ಸರಿಹೋದ ತಕ್ಷಣ ಬಿಟ್ಟುಬಿಡುವುದು. ಹಾಗೆ ವರ್ಷಗಟ್ಟಲೆ ಮಾಡಿದ್ದರ ಫಲ ನಮ್ಮ ಪ್ಲೇಟುಗಳ ಮೇಲಿದೆ. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2013ರಿಂದ ದೇಶದ ಆಸ್ಪತ್ರೆಗಳಿಂದ ಈ ಮಾಹಿತಿ ಕಲೆಹಾಕುತ್ತಿದ್ದಾರೆ. ಅದರಲ್ಲಿ ಇ. ಕೋಲಿಯ ಬಹುಪಾಲು ಸಿಪ್ರೋಫ್ಲಾಕ್ಸಾಸಿನ್‌ಗೆ ಬಗ್ಗುವುದಿಲ್ಲ ಅಂತಲೇ ವರ್ಷ ವರ್ಷ ಬರುತ್ತಿದೆ. ದೊಡ್ಡ ಆಸ್ಪತ್ರೆಗಳಿಗೆ ಬರುವುದು ಜಟಿಲವಾದ ಕೇಸುಗಳು, ಹಾಗಾಗಿ ಮೊದಲ ಸಲ ಸೋಂಕು ಬಂದವರಲ್ಲಿ ಚಿತ್ರ ಇದಕ್ಕಿಂತ ಸ್ವಲ್ಪ ಒಳ್ಳೆಯದಿರುತ್ತದೆ. ಆದರೂ ಕಲ್ಚರ್ ಇಲ್ಲದೆ ಇದನ್ನು ಶುರು ಮಾಡುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ನಾಟಿದರೂ ಇದು ಮೊದಲ ಆಯ್ಕೆ ಆಗಬಾರದು. ಸ್ನಾಯುರಜ್ಜು ಹರಿಯುವುದು, ನರಗಳ ತೊಂದರೆ, ಮನಸ್ಸಿನ ಗೊಂದಲ ಇವೆಲ್ಲ ಅಪರೂಪಕ್ಕಾದರೂ ಬರುತ್ತವೆ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಎಚ್ಚರಿಕೆ ಕೊಟ್ಟು, ಬೇರೆ ಔಷಧಿ ಇದ್ದರೆ ಮಾಮೂಲಿ ಮೂತ್ರ ಸೋಂಕಿಗೆ ಇದನ್ನು ಬಳಸಬೇಡಿ ಅಂತ ಹೇಳಿತು. ಕಿಡ್ನಿ ಸೋಂಕಿನಲ್ಲಿ, ಸೆನ್ಸಿಟಿವ್ ಅಂತ ಗೊತ್ತಾದಾಗ, ಆಗ ಇದು ಬಂಗಾರದಂಥ ಮಾತ್ರೆ. ಅವತ್ತಿಗೆ ಬೇಕು ಅಂತಲೇ ಇವತ್ತು ಉಳಿಸಿಕೊಳ್ಳಬೇಕು.

ಸೆಫಿಕ್ಸಿಮ್. ಟ್ಯಾಕ್ಸಿಮ್-ಓ, ಜಿಫಿ. ಗಂಟಲು ನೋವಿಗೂ ಇದೇ, ಜ್ವರಕ್ಕೂ ಇದೇ, ಉರಿಮೂತ್ರಕ್ಕೂ ಇದೇ. ಇಎಸ್‌ಬಿಎಲ್ ಇದ್ದರೆ ಇದು ನೀರಿಗೆ ಸಮ. ಅದಲ್ಲದೆ ಕರುಳಿನಲ್ಲಿ ಇಎಸ್‌ಬಿಎಲ್ ಬ್ಯಾಕ್ಟೀರಿಯಾಗಳನ್ನು ಆರಿಸಿ ಬೆಳೆಸುವುದೂ ಇಂಥ ಔಷಧಿಗಳೇ. ಬಸುರಿಯರಿಗೆ ಈ ಜಾತಿಯ ಔಷಧಿಗಳು ಸುರಕ್ಷಿತ, ಅಲ್ಲಿ ಇವಕ್ಕೆ ಜಾಗ ಇದೆ. ಉಳಿದವರಿಗೆ ಕಲ್ಚರ್ ನೋಡಿಯೇ.

ಫೆರೋಪೆನೆಮ್ ಬಗ್ಗೆ ಒಂದೇ ಮಾತು. ಇದು ಮೆರೋಪೆನೆಮ್‌ನ ಹತ್ತಿರದ ಸಂಬಂಧಿ, ಆದರೆ ಮಾತ್ರೆಯ ರೂಪದಲ್ಲಿ ಸಿಗುತ್ತದೆ. "ಇಂಜೆಕ್ಷನ್ ಬೇಡ, ಸ್ಟ್ರಾಂಗ್ ಮಾತ್ರೆ ಇದೆ" ಅಂತ ಇದನ್ನು ಕೊಟ್ಟರೆ, ನೈಟ್ರೋಫ್ಯುರಾಂಟೊಯಿನ್ ಅಥವಾ ಫಾಸ್ಫೋಮೈಸಿನ್ ಯಾಕೆ ಆಗಲ್ಲ ಅಂತ ದಯವಿಟ್ಟು ಕೇಳಿ. ಇದಕ್ಕೆ ಬಗ್ಗದ್ದು ನಾಳೆ ಮೆರೋಪೆನೆಮ್‌ಗೂ ಬಗ್ಗದೆ ಹೋಗಬಹುದು ಅನ್ನುವ ಹೆದರಿಕೆ ತಜ್ಞರಿಗೇ ಇದೆ.

ಇಂಜೆಕ್ಷನ್‌ಗಳು, ಅಂದರೆ ಅಮಿಕಾಸಿನ್, ಎರ್ಟಾಪೆನೆಮ್, ಮೆರೋಪೆನೆಮ್. ಕಿಡ್ನಿಗೆ ಏರಿದಾಗ, ರಕ್ತಕ್ಕೆ ಹೋದಾಗ, ಬಾಯಿಂದ ತಗೊಳ್ಳುವ ಯಾವುದೂ ಉಳಿಯದಾಗ. ಆಗ ಹಿಂದೆಮುಂದೆ ನೋಡದೆ ತಗೊಳ್ಳಬೇಕು. ಬರೀ ಮೂತ್ರಚೀಲದ ಉರಿಗೆ, ಇಎಸ್‌ಬಿಎಲ್ ಅಂತ ಬರೆದಿದೆ ಅನ್ನುವ ಒಂದೇ ಕಾರಣಕ್ಕೆ ದಾಖಲಾಗುವ ಮೊದಲು, ಮೇಲಿನ ಎರಡು ಹಳೇ ಔಷಧಿಗಳ ಸಾಲನ್ನು ರಿಪೋರ್ಟಿನಲ್ಲಿ ಹುಡುಕಿ.

ರಿಪೋರ್ಟ್ ಓದುವಾಗ

ರಿಪೋರ್ಟಿನಲ್ಲಿ ಔಷಧಿಗಳ ಪಟ್ಟಿ, ಎದುರಿಗೆ ಸೆನ್ಸಿಟಿವ್, ಇಂಟರ್‌ಮೀಡಿಯೆಟ್, ರೆಸಿಸ್ಟೆಂಟ್ ಅಂತ ಇರುತ್ತದೆ. ಕೆಲವು ಕಡೆ ಎಂಐಸಿ ಅಂತ ಅಂಕಿ ಇರುತ್ತದೆ, ಅಂದರೆ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಅತಿ ಕಮ್ಮಿ ಔಷಧಿಯ ಪ್ರಮಾಣ. ನೈಟ್ರೋಫ್ಯುರಾಂಟೊಯಿನ್ ಎದುರು 16, ಮೆರೋಪೆನೆಮ್ ಎದುರು 0.25 ಇದ್ದರೆ, ಅಂಕಿ ಚಿಕ್ಕದು ಇರುವ ಮೆರೋಪೆನೆಮ್ಮೇ ಉತ್ತಮ ಅಂತ ಓದುತ್ತಾರೆ. ಇದು ತಪ್ಪು. ಒಂದೊಂದು ಔಷಧಿಯ ಅಳತೆಗೋಲು ಬೇರೆ, ಒಂದರ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಲು ಬರುವುದೇ ಇಲ್ಲ. ಸೆನ್ಸಿಟಿವ್ ಅಂತ ಇರುವುದರಲ್ಲಿ ಅತಿ ಕಡಿಮೆ ಕಡೆ ಹರಡುವ, ಬಾಯಿಂದ ತಗೊಳ್ಳಬಹುದಾದ, ನಿಮ್ಮ ಕಿಡ್ನಿಗೆ ಹೊಂದುವ ಔಷಧಿ ಯಾವುದು ಅಂತ ನೋಡಬೇಕು.

ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಆಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿದೆ: ಮೊದಲು ಬಳಸಬಹುದಾದವು, ನೋಡಿಕೊಂಡು ಬಳಸಬೇಕಾದವು, ಕೊನೆಗೆ ಅಂತ ಎತ್ತಿಡಬೇಕಾದವು. ನೈಟ್ರೋಫ್ಯುರಾಂಟೊಯಿನ್, ಕೋಟ್ರೈಮಾಕ್ಸಜೋಲ್ ಮೊದಲ ಗುಂಪಿನವು. ಸಿಪ್ರೋಫ್ಲಾಕ್ಸಾಸಿನ್, ಸೆಫಿಕ್ಸಿಮ್ ಎರಡನೆಯದರಲ್ಲಿವೆ. ನಮ್ಮ ಅಂಗಡಿಗಳಲ್ಲಿ ಚೀಟಿ ಇಲ್ಲದೆ ಜಾಸ್ತಿ ಹೋಗುವುದು ಯಾವ ಗುಂಪಿನವು ಅಂತ ನಿಮಗೇ ಗೊತ್ತು. ಸ್ಟ್ರಿಪ್ಪಿನ ಹಿಂದೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ತಗೊಳ್ಳಬಾರದ ಔಷಧಿ.

ಆಂಟಿಬಯೋಟಿಕ್ ಇಲ್ಲದೆ ಕಾದು ನೋಡಬಹುದೇ

ಇದನ್ನು ಧೈರ್ಯ ಮಾಡಿ ಬರೆಯುತ್ತಿದ್ದೇನೆ, ಡಾಕ್ಟರ ಕಣ್ಣಳತೆಯಲ್ಲಿ ಇದ್ದುಕೊಂಡು ಮಾತ್ರ ಮಾಡಿ. ಜರ್ಮನಿಯಲ್ಲಿ ಮಾಡಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವರಿಗೆ ಫಾಸ್ಫೋಮೈಸಿನ್, ಕೆಲವರಿಗೆ ಬರೀ ಐಬುಪ್ರೊಫೇನ್ ನೋವಿನ ಮಾತ್ರೆ ಕೊಟ್ಟರು. ನೋವಿನ ಮಾತ್ರೆ ತಗೊಂಡವರಲ್ಲಿ ಮೂರರಲ್ಲಿ ಎರಡು ಪಾಲು ಜನ ಆಂಟಿಬಯೋಟಿಕ್ ಇಲ್ಲದೆಯೇ ಚೇತರಿಸಿಕೊಂಡರು. ಆದರೆ ಅವರು ಉರಿಯನ್ನು ಜಾಸ್ತಿ ದಿನ ಅನುಭವಿಸಿದರು, ಸೋಂಕು ಕಿಡ್ನಿಗೆ ಏರಿದ್ದೂ ಆ ಗುಂಪಿನಲ್ಲೇ ಜಾಸ್ತಿ ಕಂಡಿತು. ಉರಿ ಸ್ವಲ್ಪವೇ ಇದ್ದು, ಕಲ್ಚರ್ ಕೊಟ್ಟು, ರಿಪೋರ್ಟ್ ಬರುವ ತನಕ ನೋವಿನ ಮಾತ್ರೆ ಮೇಲೆ ಎರಡು ದಿನ ಕಾಯುವುದು ಆರೋಗ್ಯವಂತ ಹೆಂಗಸಿಗೆ ಸಾಧ್ಯ ಇರುವ ಆಯ್ಕೆ. ಜ್ವರ ಬಂದರೆ ಆ ಕ್ಷಣಕ್ಕೆ ಕಾಯುವುದು ಮುಗಿಯಿತು. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು, ಡೆಂಗಿ ಅನುಮಾನ ಇದ್ದವರಿಗೆ ಐಬುಪ್ರೊಫೇನ್ ಬೇಡ.

ಪದೇ ಪದೇ ಬರುವವರಿಗೆ

ಬಾರ್ಲಿ ನೀರು, ಎಳನೀರು, ಕೊತ್ತಂಬರಿ ಬೀಜದ ಕಷಾಯ. ಇವು ಒಳಗಿರುವ ಸೋಂಕನ್ನು ಕೊಲ್ಲುತ್ತವೆ ಅಂತ ನಂಬಿ ಕೂರಬೇಡಿ. ಆದರೆ ಇವುಗಳ ಹೆಸರಿನಲ್ಲಿ ಒಳಗೆ ಹೋಗುವ ನೀರು ಇದೆಯಲ್ಲ, ಅದಕ್ಕೆ ಬೆಲೆ ಇದೆ. ದಿನಕ್ಕೆ ಒಂದೂವರೆ ಲೀಟರಿಗಿಂತ ಕಮ್ಮಿ ಕುಡಿಯುತ್ತಿದ್ದ, ಸೋಂಕು ಮರುಕಳಿಸುತ್ತಿದ್ದ 140 ಹೆಂಗಸರ ಮೇಲಿನ ಅಧ್ಯಯನ 2018ರಲ್ಲಿ ಬಂತು. ಅರ್ಧ ಜನರಿಗೆ ದಿನಾ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಯಲು ಹೇಳಿದರು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು ಬಂತು, ಉಳಿದವರಿಗೆ 3.2 ಸಲ. ನೀರಿಗೆ ಇಷ್ಟು ಕೆಲಸ ಆಗುತ್ತದೆ.

ಆದರೆ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತ ಅಕ್ಕನಿಗೆ, ಟಾಯ್ಲೆಟ್ ಸರಿಯಿಲ್ಲದ ಶಾಲೆಯ ಟೀಚರಿಗೆ, ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುವವರಿಗೆ "ನೀರು ಜಾಸ್ತಿ ಕುಡೀರಿ" ಅಂತ ಹೇಳುವುದು ಸುಲಭ, ಕುಡಿದ ಮೇಲೆ ಹೋಗುವುದೆಲ್ಲಿ? ಬೆಳಿಗ್ಗೆಯಿಂದ ಸಂಜೆವರೆಗೆ ನೀರು ಕುಡಿಯದೆ, ಬಂದರೂ ತಡೆದುಕೊಂಡು ಕೂರುವ ಹೆಣ್ಣುಮಕ್ಕಳ ಸ್ಯಾಂಪಲ್ ನನ್ನ ಟೇಬಲ್ ಮೇಲೆ ಬರುತ್ತಲೇ ಇರುತ್ತದೆ. ಒಂದು ಸ್ವಚ್ಛ ಟಾಯ್ಲೆಟ್ಟು, ಅಲ್ಲಿಗೆ ಹೋಗಲು ಐದು ನಿಮಿಷದ ಬಿಡುವು, ಇದೂ ಆಂಟಿಬಯೋಟಿಕ್ ಉಳಿಸುವ ಕೆಲಸವೇ.

ಕ್ರ್ಯಾನ್‌ಬೆರಿ ಅನ್ನುವ ಹುಳಿ ಹಣ್ಣು ಮತ್ತು ಡಿ-ಮ್ಯಾನೋಸ್ ಅನ್ನುವ ಒಂದು ಬಗೆಯ ಸಕ್ಕರೆ, ಇವೆರಡನ್ನೂ ಒಟ್ಟಿಗೆ ಮಾರುತ್ತಾರೆ. ಕ್ರ್ಯಾನ್‌ಬೆರಿಗೆ ಸ್ವಲ್ಪ ಆಧಾರ ಇದೆ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆಯಲ್ಲಿ, ಸೋಂಕು ಮರುಕಳಿಸುವ ಹೆಂಗಸರಲ್ಲಿ ಅಪಾಯ ಸುಮಾರು ನಾಲ್ಕನೇ ಒಂದು ಪಾಲು ಕಮ್ಮಿಯಾಯಿತು ಅಂತ ಬಂತು. ಬಂದ ಸೋಂಕನ್ನು ಅದು ಗುಣ ಮಾಡುವುದಿಲ್ಲ. ಡಿ-ಮ್ಯಾನೋಸ್ ಪುಡಿಯನ್ನು 2024ರಲ್ಲಿ ಬ್ರಿಟನ್ನಿನ 598 ಹೆಂಗಸರಲ್ಲಿ ಪರೀಕ್ಷೆ ಮಾಡಿದಾಗ ಸುಮ್ನೆ ಕೊಟ್ಟ ಸಕ್ಕರೆ ಪುಡಿಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಆ ದುಡ್ಡನ್ನು ಕಲ್ಚರ್‌ಗೆ ಇಟ್ಟುಕೊಳ್ಳಿ.

ಮುಟ್ಟು ನಿಂತವರಿಗೆ ಒಂದು ಆಯ್ಕೆ ಇದೆ, ಅದನ್ನು ನಾಚಿಕೆಯಿಂದ ಯಾರೂ ಕೇಳುವುದಿಲ್ಲ. ಯೋನಿಯ ಒಳಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮ್. ಮುಟ್ಟು ನಿಂತ ಮೇಲೆ ಅಲ್ಲಿನ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಕಮ್ಮಿಯಾಗಿ ಇ. ಕೋಲಿಗೆ ಜಾಗ ಸಿಗುತ್ತದೆ. ಕ್ರೀಮ್ ಆ ಒಳ್ಳೆಯದನ್ನು ವಾಪಸ್ ತರುತ್ತದೆ. 1993ರಲ್ಲೇ ಬಂದ ಅಧ್ಯಯನದಲ್ಲಿ ಕ್ರೀಮ್ ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 0.5 ಸಲ ಸೋಂಕು, ಹಚ್ಚದವರಿಗೆ 5.9 ಸಲ. ಮೂವತ್ತು ವರ್ಷದ ಹಿಂದಿನ ಈ ಅಂಕಿ ನಮ್ಮ ತಾಯಂದಿರಿಗೆ ಯಾಕೆ ತಲುಪಿಲ್ಲ ಅಂತ ನನಗೆ ಸಂಕಟ ಆಗುತ್ತದೆ. ಸ್ತನ ಕ್ಯಾನ್ಸರ್ ಆಗಿದ್ದವರು ತಮ್ಮ ಡಾಕ್ಟರನ್ನು ಕೇಳಿಯೇ ಬಳಸಬೇಕು.

ಇನ್ನು, ದಿನಾ ರಾತ್ರಿ ಸಣ್ಣ ಡೋಸ್ ಆಂಟಿಬಯೋಟಿಕ್ ತಗೊಳ್ಳುವ ಪದ್ಧತಿ. ಸೋಂಕು ತಡೆಯುತ್ತದೆ ನಿಜ, ಆದರೆ ಬಗ್ಗದ ಬ್ಯಾಕ್ಟೀರಿಯಾಗಳಿಗೆ ದಿನಾ ಅಭ್ಯಾಸ ಮಾಡಿಸಿದ ಹಾಗೂ ಆಗುತ್ತದೆ. ಅದರ ಬದಲು ಮೆಥೆನಮೈನ್ ಹಿಪ್ಪುರೇಟ್ ಆಗಬಹುದೇ ಅಂತ ಕೇಳಿ. ಇದು ಆಂಟಿಬಯೋಟಿಕ್ ಅಲ್ಲ, ಹುಳಿ ಮೂತ್ರದಲ್ಲಿ ಒಡೆದು ಫಾರ್ಮಾಲ್ಡಿಹೈಡ್ ಆಗಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಅದಕ್ಕೆ ಬ್ಯಾಕ್ಟೀರಿಯಾ ಬಗ್ಗದೆ ಹೋಗುವ ಮಾತೇ ಬರುವುದಿಲ್ಲ. 2022ರಲ್ಲಿ ಬ್ರಿಟನ್ನಿನಲ್ಲಿ 240 ಹೆಂಗಸರ ಮೇಲಿನ ಅಧ್ಯಯನದಲ್ಲಿ ದಿನದ ಆಂಟಿಬಯೋಟಿಕ್‌ಗೆ ಸರಿಸಾಟಿ ಅಂತ ಕಂಡಿತು. ಇದರ ಜೊತೆಗೂ ಕ್ಷಾರದ ಸಿರಪ್ ಬೇಡ.

ಕೊನೆಯದಾಗಿ, ಇದೊಂದನ್ನು ಇವತ್ತೇ ಮಾಡಿ. ನಿಮ್ಮ ಹಳೇ ಕಲ್ಚರ್ ರಿಪೋರ್ಟುಗಳನ್ನೆಲ್ಲ ಹುಡುಕಿ ಫೋಟೋ ತೆಗೆದು ಫೋನಿನಲ್ಲಿ ಒಂದೇ ಕಡೆ ಇಡಿ. ಬಗ್ಗದ ಬ್ಯಾಕ್ಟೀರಿಯಾ ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ, ಹೋದ ಸಲ ಯಾವುದಕ್ಕೆ ಬಗ್ಗಲಿಲ್ಲವೋ ಈ ಸಲವೂ ಅದಕ್ಕೆ ಬಗ್ಗದಿರುವ ಸಂಭವ ಜಾಸ್ತಿ. ರಾತ್ರಿ ಹನ್ನೊಂದಕ್ಕೆ ಉರಿ ಶುರುವಾಗಿ ಗೊತ್ತಿಲ್ಲದ ಡಾಕ್ಟರ ಎದುರು ಕೂತಾಗ, ಆ ಫೋಟೋ ತೋರಿಸಿದರೆ ಅವರಿಗೆ ಸರಿಯಾದ ಮಾತ್ರೆ ಆರಿಸಲು ಒಂದು ಹಿಡಿತ ಸಿಗುತ್ತದೆ. ಜೊತೆಗೆ ಕಳೆದ ಮೂರು ತಿಂಗಳಲ್ಲಿ ಯಾವ ಆಂಟಿಬಯೋಟಿಕ್ ನುಂಗಿದ್ದೀರಿ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ, ಹೊಟ್ಟೆ ಕೆಟ್ಟಾಗ ತಗೊಂಡ ಆ ಎರಡು ಮಾತ್ರೆಯನ್ನೂ ಸೇರಿಸಿ.